ಬಿಟ್ಟರೆ ಏನಾದೀತು, ಇಟ್ಟರೆ ಏನಾದೀತು

(ದತ್ತಿ ಉಪನ್ಯಾಸದ ಪೂರ್ಣಪಾಠ)



ನಮ್ಮ ಯಾವುದೇ ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಿ, ಕೊಲೆ ಪ್ರಕರಣವೊಂದರ ಜಾಮೀನು ಅರ್ಜಿಯ ಕಡತ ತೆರೆದು ನೋಡಿ. ಸರ್ಕಾರಿ ಅಭಿಯೋಜಕರ ತಕರಾರಿನ ಕೊನೆಯ ಪುಟದಲ್ಲಿ ಹೆಚ್ಚೂ ಕಡಿಮೆ ಒಂದೇ ಒಕ್ಕಣೆ ಸಿಗುತ್ತದೆ. ಆರೋಪಿಯನ್ನು ಬಿಡುಗಡೆ ಮಾಡಿದಲ್ಲಿ ತಲೆಮರೆಸಿಕೊಳ್ಳುವ ಸಂಭವವಿದೆ, ಸಾಕ್ಷಿದಾರರನ್ನು ಬೆದರಿಸುವ ಸಂಭವವಿದೆ, ಸಾಕ್ಷ್ಯ ನಾಶಪಡಿಸುವ ಸಂಭವವಿದೆ, ಇಂಥದೇ ಕೃತ್ಯವನ್ನು ಮತ್ತೆ ಎಸಗುವ ಸಂಭವವಿದೆ. ಆರೋಪಿ ಬದಲಾಗಲಿ, ಊರು ಬದಲಾಗಲಿ, ಈ ನಾಲ್ಕು ಸಂಭವಗಳು ಬದಲಾಗುವುದಿಲ್ಲ. ಅರ್ಜಿದಾರನ ಪರ ವಕೀಲರಾದ ನಾವು ಬರೆಯುವುದಾದರೂ ಏನು? ಅರ್ಜಿದಾರ ಅಮಾಯಕ, ಕಾಯಂ ವಿಳಾಸವುಳ್ಳವನು, ಸಂಸಾರಕ್ಕೆ ಅವನೊಬ್ಬನೇ ಆಧಾರ, ನ್ಯಾಯಾಲಯ ವಿಧಿಸುವ ಯಾವುದೇ ಷರತ್ತಿಗೆ ಬದ್ಧ. ಈ ಎರಡು ಸಿದ್ಧ ಒಕ್ಕಣೆಗಳನ್ನು ಮುಂದಿಟ್ಟುಕೊಂಡು ನ್ಯಾಯಾಧೀಶರು ಒಬ್ಬ ಮನುಷ್ಯ ಮುಂದಿನ ಎಷ್ಟೋ ವರ್ಷ ಎಲ್ಲಿರಬೇಕು ಎಂಬುದನ್ನು ತೀರ್ಮಾನಿಸಬೇಕಾಗಿದೆ. ಆ ಮನುಷ್ಯನ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಅವನು ಮುಂದೆ ಏನು ಮಾಡಿಯಾನು ಎಂಬುದಂತೂ ಯಾರಿಗೂ ಗೊತ್ತಿಲ್ಲ.

ಆ ಗೊತ್ತಿಲ್ಲದ್ದನ್ನು ನ್ಯಾಯಾಲಯಗಳು ಹೇಗೆ ತೂಗುತ್ತವೆ, ಯಾವ ಬಟ್ಟಿನಿಂದ ತೂಗುತ್ತವೆ ಎಂಬುದೇ ಈ ಸಂಜೆಯ ವಿಷಯ. ಬಟ್ಟುಗಳು ತಪ್ಪಾಗಿವೆ ಎಂಬುದು ನನ್ನ ಅಭಿಪ್ರಾಯ. ಬಡವನ ಅಪಾಯವನ್ನು ಅವನಿಗಿಲ್ಲದ ಆಸ್ತಿಯಿಂದ ಅಳೆಯುತ್ತೇವೆ. ಬಲಾಢ್ಯನ ಅಪಾಯವನ್ನು ಅಳೆಯುವಾಗ ಅವನ ಬಲವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಳಗೆ ಇಟ್ಟರೆ ಆಗುವ ಹಾನಿಯನ್ನಂತೂ ತಕ್ಕಡಿಗೇ ಹಾಕುವುದಿಲ್ಲ.

ಕಾನೂನಿನ ಪಾಠವನ್ನು ಬೇಗ ಮುಗಿಸುತ್ತೇನೆ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 437ನೇ ಕಲಮು ಈಗ 480, 439ನೇ ಕಲಮು ಈಗ 483. ಸಂಖ್ಯೆ ಬದಲಾಗಿದೆ, ತಿರುಳು ಹಾಗೇ ಇದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವನ್ನು ಆರೋಪಿ ಎಸಗಿದ್ದಾನೆಂದು ನಂಬಲು ಸಕಾರಣವಿದ್ದರೆ ಮ್ಯಾಜಿಸ್ಟ್ರೇಟರು ಬಿಡುವಂತಿಲ್ಲ. ಮಹಿಳೆಯರು, ಮಕ್ಕಳು, ಕಾಯಿಲೆಯವರು, ಅಶಕ್ತರಿಗೆ ವಿನಾಯಿತಿ ಉಂಟು. ಸೆಷನ್ಸ್ ನ್ಯಾಯಾಲಯಕ್ಕೂ ಹೈಕೋರ್ಟಿಗೂ ವಿವೇಚನೆಯ ಅಂಗಳ ದೊಡ್ಡದು. ಆ ಅಂಗಳಕ್ಕೆ ಬೇಲಿ ಕಟ್ಟಿದ್ದು ಸುಪ್ರೀಂ ಕೋರ್ಟಿನ ತೀರ್ಪುಗಳು. ಪ್ರಶಾಂತ ಕುಮಾರ್ ಸರ್ಕಾರ್ ಪ್ರಕರಣದಲ್ಲಿ, 2010ರಲ್ಲಿ, ಪರಿಶೀಲಿಸಬೇಕಾದ ಅಂಶಗಳನ್ನು ಒಂದೆಡೆ ಸೇರಿಸಿ ಕೊಟ್ಟರು. ಮೇಲ್ನೋಟಕ್ಕೆ ಪುರಾವೆ ಇದೆಯೇ, ಅಪರಾಧ ಎಷ್ಟು ಗಂಭೀರ, ಶಿಕ್ಷೆ ಎಷ್ಟು ಕಠಿಣ, ಆರೋಪಿ ಓಡಿಹೋದಾನೇ, ಅವನ ನಡತೆ ಮತ್ತು ಸ್ಥಾನಮಾನ ಎಂಥದು, ಮತ್ತೆ ತಪ್ಪು ಮಾಡಿಯಾನೇ, ಸಾಕ್ಷಿಗಳ ಮೇಲೆ ಒತ್ತಡ ತಂದಾನೇ, ಒಟ್ಟಾರೆ ನ್ಯಾಯದಾನಕ್ಕೆ ಅಡ್ಡಿಯಾದೀತೇ. ಇಂದಿಗೂ ಜಾಮೀನು ಆದೇಶಗಳಲ್ಲಿ ಈ ಪಟ್ಟಿ ಮತ್ತೆಮತ್ತೆ ಕಾಣುತ್ತದೆ.

ಈ ಪಟ್ಟಿಯೊಳಗೆ ಎರಡು ಬೇರೆ ಬೇರೆ ಜಾತಿಯ ಪ್ರಶ್ನೆಗಳಿವೆ. ಪುರಾವೆ, ಗಾಂಭೀರ್ಯ, ಶಿಕ್ಷೆ ಇವು ಆಗಿಹೋದ ಘಟನೆಗೆ ಸಂಬಂಧಿಸಿದವು. ಅವುಗಳಿಗೆ ಉತ್ತರ ದೋಷಾರೋಪ ಪಟ್ಟಿಯಲ್ಲೇ ಇರುತ್ತದೆ. ಓಡಿಹೋಗುವುದು, ಬೆದರಿಸುವುದು, ಮತ್ತೆ ತಪ್ಪು ಮಾಡುವುದು ಇವು ಇನ್ನೂ ಆಗದ ಸಂಗತಿಗಳು. ಇವಕ್ಕೆ ಉತ್ತರ ಬೇಕಾದರೆ ಆ ಮನುಷ್ಯನನ್ನು, ಅವನ ಊರನ್ನು, ಸಾಕ್ಷಿಗಳ ಜೊತೆ ಅವನ ಸಂಬಂಧವನ್ನು ತಿಳಿಯಬೇಕು. ತನಿಖಾಧಿಕಾರಿ ಅದನ್ನು ತಿಳಿಸುವುದು ಅಪರೂಪ, ವಕೀಲರು ಕೇಳುವುದು ಇನ್ನೂ ಅಪರೂಪ. ಹಾಗಾಗಿ ಮೊದಲ ಜಾತಿಯ ಪ್ರಶ್ನೆಗಳೇ ಎರಡನೆಯವನ್ನು ನುಂಗಿಬಿಡುತ್ತವೆ. ಆರೋಪ ಘೋರವಾಗಿದೆ, ಆದ್ದರಿಂದ ಅಪಾಯವೂ ಘೋರ ಎಂಬ ತರ್ಕ ತಾನಾಗಿ ಬಂದು ಕೂರುತ್ತದೆ.

ಈ ತರ್ಕದಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಜೀವಾವಧಿ ಶಿಕ್ಷೆಯ ಭಯ ಇರುವವನಿಗೆ ಓಡಿಹೋಗುವ ಆಸೆ ಹೆಚ್ಚು ಎಂಬುದು ಲೋಕಜ್ಞಾನ. ಆದರೆ ಅದು ಕೊಲೆಯ ಆರೋಪ ಹೊತ್ತ ಪ್ರತಿಯೊಬ್ಬನಿಗೂ ಅನ್ವಯಿಸುವ ಮಾತು. ಅದೊಂದೇ ಸಾಕೆನ್ನುವುದಾದರೆ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಡಿ ಬಂದ ಯಾರಿಗೂ ಜಾಮೀನು ಸಿಗಬಾರದು. ಶಾಸಕಾಂಗ ಹಾಗೆ ಹೇಳಲಿಲ್ಲ. 2019ರಲ್ಲಿ ಪಿ. ಚಿದಂಬರಂ ಅವರ ಸಿಬಿಐ ಪ್ರಕರಣದಲ್ಲಿ ಈ ಪ್ರಶ್ನೆ ನೇರವಾಗಿ ಎದ್ದಿತು. ಆರ್ಥಿಕ ಅಪರಾಧಿಗಳು ದೇಶ ಬಿಟ್ಟು ಪರಾರಿಯಾಗುವುದು ರಾಷ್ಟ್ರವ್ಯಾಪಿ ಪಿಡುಗಾಗಿದೆ, ಆದ್ದರಿಂದ ಇವರನ್ನೂ ಬಿಡಬಾರದು ಎಂದು ವಾದಿಸಲಾಯಿತು. ಬೇರೆ ಯಾರೋ ಓಡಿಹೋದರೆಂಬ ಕಾರಣಕ್ಕೆ ಎದುರಿಗಿರುವ ಈ ಆರೋಪಿಯ ಜಾಮೀನು ತಿರಸ್ಕರಿಸಲಾಗದು, ಪ್ರತಿಯೊಬ್ಬರ ಸಂಗತಿಯನ್ನೂ ಬೇರೆಯಾಗಿ ನೋಡಬೇಕು ಎಂದಿತು ಸುಪ್ರೀಂ ಕೋರ್ಟು. ಪಾಸ್‌ಪೋರ್ಟ್ ಒಪ್ಪಿಸಿರುವುದನ್ನು, ಲುಕ್‌ಔಟ್ ನೋಟಿಸ್ ಇರುವುದನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಪರಿಚಿತ ರಾಜಕಾರಣಿಗೆ ಸಿಕ್ಕ ಈ ಸೂಕ್ಷ್ಮವಾದ ತೂಕ ಯಾದಗಿರಿಯ ಗಾರೆ ಕೆಲಸದವನಿಗೂ ಸಿಗಬೇಕು ಎಂಬುದಷ್ಟೇ ನನ್ನ ಹಟ.

ಈಗ ಬಲಾಢ್ಯರ ವಿಷಯಕ್ಕೆ ಬರುತ್ತೇನೆ. ಈ ಸಭೆಯಲ್ಲಿ ಎಲ್ಲರ ಮನಸ್ಸಿನಲ್ಲಿ ಇರುವ ಪ್ರಕರಣ ಯಾವುದೆಂದು ನನಗೆ ಗೊತ್ತು. ಚಿತ್ರದುರ್ಗದ ಯುವಕನೊಬ್ಬನ ಕೊಲೆಯ ಆರೋಪದಲ್ಲಿ ನಟ ದರ್ಶನ್ ಮತ್ತು ಇತರರನ್ನು 2024ರ ಜೂನ್‌ನಲ್ಲಿ ಬಂಧಿಸಲಾಯಿತು. ಆರೋಪ ನಿಜವೋ ಸುಳ್ಳೋ ಎಂಬುದು ವಿಚಾರಣಾ ನ್ಯಾಯಾಲಯಕ್ಕೆ ಬಿಟ್ಟದ್ದು, ಅದರ ಬಗ್ಗೆ ನಾನು ಒಂದು ಅಕ್ಷರವನ್ನೂ ಆಡುವುದಿಲ್ಲ. ಜಾಮೀನಿನ ತೂಕ ಹೇಗೆ ನಡೆಯಿತೆಂಬುದನ್ನು ಮಾತ್ರ ನೋಡೋಣ. 2024ರ ಡಿಸೆಂಬರ್ 13ರಂದು ನಮ್ಮ ಹೈಕೋರ್ಟು ಜಾಮೀನು ಕೊಟ್ಟಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್ ಅದನ್ನು ರದ್ದುಪಡಿಸಿದರು. ಹೈಕೋರ್ಟು ಸಾಕ್ಷ್ಯವನ್ನು ವಿಚಾರಣೆಯೇ ನಡೆದಂತೆ ಬಗೆದು ನೋಡಿದೆ, ಆದರೆ ನೋಡಲೇಬೇಕಿದ್ದ ಸಾಕ್ಷಿಗಳ ಮೇಲಿನ ಪ್ರಭಾವದ ಅಪಾಯವನ್ನು ನೋಡಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಜನಪ್ರಿಯತೆ ರಿಯಾಯಿತಿಗೆ ಕಾರಣವಾಗಲಾರದು ಎಂದೂ ಸ್ಪಷ್ಟವಾಗಿ ಹೇಳಿದರು.

ಆ ಮಾತು ನನಗೆ ಸರಿಯೆನಿಸುತ್ತದೆ. ನಮ್ಮ ಅರ್ಜಿಗಳಲ್ಲಿ ಸ್ಥಾನಮಾನವನ್ನು ಯಾವಾಗಲೂ ಆರೋಪಿಯ ಪರವಾಗಿ ಬಳಸುತ್ತೇವೆ. ಸಮಾಜದಲ್ಲಿ ಗೌರವಸ್ಥ, ಮನೆತನಸ್ಥ, ಓಡಿಹೋಗುವವನಲ್ಲ ಎನ್ನುತ್ತೇವೆ. ಓಡಿಹೋಗದಿರುವುದು ನಿಜವೇ ಇರಬಹುದು. ಆದರೆ ಸಾಕ್ಷಿ ಹೇಳಬೇಕಾದ ಡ್ರೈವರ್, ವಾಚ್‌ಮನ್, ಅಂಗಡಿಯವನು ಆ ಗೌರವದ ನೆರಳಲ್ಲೇ ಬದುಕುವವರು. ಬೆದರಿಕೆಯ ಫೋನ್ ಬರಬೇಕಾಗಿಲ್ಲ. ಬಿಡುಗಡೆಯ ದಿನ ಪಟಾಕಿ ಸಿಡಿದರೆ, ಹಾರ ಹಾಕಿ ಮೆರವಣಿಗೆ ಮಾಡಿದರೆ ಸಾಕು, ಹೇಳಬೇಕಾದ್ದು ಅವರಿಗೆ ತಲುಪುತ್ತದೆ. ಮಧ್ಯಪ್ರದೇಶದ ಒಂದು ಅತ್ಯಾಚಾರ ಪ್ರಕರಣದಲ್ಲಿ ಜಾಮೀನು ಪಡೆದ ವಿದ್ಯಾರ್ಥಿ ನಾಯಕನನ್ನು ಸ್ವಾಗತಿಸಿ 'ಭಯ್ಯಾ ಈಸ್ ಬ್ಯಾಕ್' ಎಂಬ ಫಲಕಗಳು ಬಿದ್ದವು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಜಾಮೀನನ್ನು ರದ್ದುಮಾಡಿತು. ಆ ಫಲಕಗಳನ್ನು ಓದಿದ ದೂರುದಾರಳ ಮನೆಯವರ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂದು ಯೋಚಿಸಿ. ಅಪಾಯ ಎಂದರೆ ಇದು. ಇದನ್ನು ತೋರಿಸಬಹುದು, ಫೋಟೊ ತೆಗೆದು ಕಡತಕ್ಕೆ ಹಾಕಬಹುದು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಖೀಂಪುರ ಖೇರಿ ಪ್ರಕರಣದಲ್ಲಿ, ಜಾಮೀನಿನ ಹಂತದಲ್ಲೂ ಸಂತ್ರಸ್ತರ ಮಾತು ಕೇಳಲೇಬೇಕು ಎಂದು ಕೋರ್ಟು ಹೇಳಿದ್ದೂ ಇದಕ್ಕಾಗಿಯೇ. ಆರೋಪಿಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಇನ್ನೊಂದು ತುದಿಗೆ ಹೋಗೋಣ. 1978ರಲ್ಲಿ ಮೋತಿರಾಮ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಕೆಲಸಗಾರ. ಸುಪ್ರೀಂ ಕೋರ್ಟೇ ಅವನಿಗೆ ಜಾಮೀನು ಕೊಟ್ಟಿತ್ತು. ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನುದಾರನನ್ನು ತರಬೇಕೆಂದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿಗೆ ಸಿಟ್ಟು ಬಂತು, ಆ ಸಿಟ್ಟು ತೀರ್ಪಿನ ಸಾಲುಗಳಲ್ಲಿ ಕಾಣುತ್ತದೆ. ಬಸ್ತರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಬಂಧಿತನಾದ ಕನ್ನಡಿಗ, ತಮಿಳ, ಮಲಯಾಳಿ ಆ ದೂರದ ಊರಲ್ಲಿ ಆಸ್ತಿಯುಳ್ಳ ಜಾಮೀನುದಾರನನ್ನು ಎಲ್ಲಿಂದ ತರಬೇಕು ಎಂದು ಕೇಳಿದರು. 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು.

ಅದಾಗಿ 45 ವರ್ಷಗಳ ನಂತರ, 2023ರ ಜನವರಿ 31ರಂದು, ಅದೇ ಸುಪ್ರೀಂ ಕೋರ್ಟು ಮತ್ತೊಮ್ಮೆ ಸೂಚನೆ ಕೊಡಬೇಕಾಯಿತು. ಜಾಮೀನು ಆದೇಶ ಆಗಿ ಏಳು ದಿನದಲ್ಲಿ ಕೈದಿ ಬಿಡುಗಡೆಯಾಗದಿದ್ದರೆ ಜೈಲಿನ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳೊಳಗೆ ಮುಚ್ಚಳಿಕೆ ಒದಗಿಸಲಾಗದಿದ್ದರೆ ನ್ಯಾಯಾಲಯ ತಾನಾಗಿ ಷರತ್ತು ಸಡಿಲಿಸುವ ಬಗ್ಗೆ ಯೋಚಿಸಬಹುದು, ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ವಿಳಂಬಕ್ಕೆ ಒಂದು ಕಾರಣವಾದ್ದರಿಂದ ಅಂಥ ಷರತ್ತು ಬೇಡ ಎಂದಿತು. ಗೋವಾ, ಪುಣೆ, ಮುಂಬೈಗಳಿಗೆ ದುಡಿಯಲು ಹೋಗುವ ನಮ್ಮ ಉತ್ತರ ಕರ್ನಾಟಕದವರಿಗೂ, ಬೆಂಗಳೂರಿಗೆ ಬರುವ ಬಿಹಾರ, ಒಡಿಶಾದವರಿಗೂ ಇದು ಬದುಕಿನ ಪ್ರಶ್ನೆ.

ನಮ್ಮ ತಾಲ್ಲೂಕು ನ್ಯಾಯಾಲಯಗಳ ಹೊರಗೆ ಈ ಕೆಲಸ ಹೇಗೆ ನಡೆಯುತ್ತದೆಂದು ಇಲ್ಲಿರುವ ವಕೀಲರಿಗೆ ಗೊತ್ತು, ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಜಾಮೀನುದಾರ ಇತ್ತೀಚಿನ ಪಹಣಿ ಅಥವಾ ಮನೆಯ ಖಾತೆಯ ನಕಲು ತರಬೇಕು, ಜೊತೆಗೆ ಆಧಾರ್, ಫೋಟೊ, ಪ್ರಮಾಣಪತ್ರ. ತಂದ ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇರುತ್ತದೆ, ಪೌತಿ ಖಾತೆ ಆಗಿರುವುದಿಲ್ಲ. ಇಲ್ಲವೇ ಜಂಟಿ ಖಾತೆಯಾಗಿದ್ದು ಉಳಿದ ಪಾಲುದಾರರು ಒಪ್ಪುವುದಿಲ್ಲ. ಕೊಲೆ ಕೇಸಿನವನಿಗೆ ಜಾಮೀನು ನಿಂತರೆ ಹೊಲವೇ ಹೋದೀತು ಎಂಬ ಹೆದರಿಕೆ ಬೇರೆ. ಹೆಂಡತಿ ಊರಿಗೆ ಹೋಗಿ ಒಬ್ಬೊಬ್ಬರ ಮನೆ ಬಾಗಿಲಲ್ಲಿ ನಿಂತು ಬರಿಗೈಲಿ ಬರುತ್ತಾಳೆ. ದುಡ್ಡಿದ್ದವರಿಗೆ ಈ ತಾಪತ್ರಯವಿಲ್ಲ. ಹಣ ಪಡೆದು ಅಪರಿಚಿತರಿಗೂ ಜಾಮೀನು ನಿಲ್ಲುವವರಿದ್ದಾರೆ, ನಕಲಿ ದಾಖಲೆ ಒದಗಿಸುವ ಜಾಲಗಳನ್ನು ಪೊಲೀಸರು ಆಗಾಗ ಹಿಡಿಯುತ್ತಲೂ ಇರುತ್ತಾರೆ. ಹಾಗಿದ್ದಮೇಲೆ ಪಹಣಿ ಏನನ್ನು ಅಳೆಯಿತು? ಹಿಂದೆ ಎಂದೂ ನೋಡಿರದ ಮನುಷ್ಯನ ಎರಡು ಎಕರೆ ಆರೋಪಿಯನ್ನು ಊರಲ್ಲಿ ಕಟ್ಟಿಹಾಕುತ್ತದೆ ಎಂದು ನಂಬಲು ನನಗೆ ಸಾಧ್ಯವಿಲ್ಲ. 1979ರ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಸರಿಯಾದ ಬಟ್ಟುಗಳನ್ನು ಆಗಲೇ ಹೆಸರಿಸಿದ್ದರು. ಆ ಊರಲ್ಲಿ ಎಷ್ಟು ಕಾಲದಿಂದ ಇದ್ದಾನೆ, ಕೆಲಸ ಏನು, ಸಂಸಾರ ಯಾವುದು, ಹಿಂದೆ ಪ್ರಕರಣಗಳಿವೆಯೇ, ಅವನ ಪರ ಹೊಣೆಯ ಮಾತಾಡಬಲ್ಲವರು ಯಾರು ಎಂದು ಕೇಳಿ ಎಂದರು. ನ್ಯೂಯಾರ್ಕಿನಲ್ಲಿ ನಡೆದ ಮ್ಯಾನ್‌ಹಟನ್ ಜಾಮೀನು ಪ್ರಯೋಗದಿಂದ ಅವರು ಅದನ್ನು ತೆಗೆದುಕೊಂಡಿದ್ದರು. ಈ ಪ್ರಶ್ನೆಗಳನ್ನು ಕೇಳಿ ವರದಿ ಕೊಡುವ ಒಬ್ಬ ಅಧಿಕಾರಿಯಾದರೂ ನಮ್ಮ ಜಾಮೀನು ನ್ಯಾಯಾಲಯಗಳಲ್ಲಿ ಇರಬೇಕಿತ್ತು.

ಕೆಲವು ವಿಶೇಷ ಕಾನೂನುಗಳಲ್ಲಿ ತಕ್ಕಡಿಯನ್ನೇ ಒಂದು ಕಡೆಗೆ ವಾಲಿಸಿ ಇಟ್ಟಿದ್ದಾರೆ. ಮಾದಕ ವಸ್ತು ಕಾಯ್ದೆಯ 37ನೇ ಕಲಮು, ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 45ನೇ ಕಲಮು, ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಗೆ (ಯುಎಪಿಎ) 2008ರಲ್ಲಿ ಸೇರಿಸಿದ 43ಡಿ(5). ಮೊದಲ ಎರಡರಲ್ಲಿ ಆರೋಪಿ ತಪ್ಪಿತಸ್ಥನಲ್ಲ ಎಂದೂ, ಬಿಟ್ಟರೆ ಮತ್ತೆ ಅಪರಾಧ ಮಾಡಲಾರ ಎಂದೂ ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ಮುಂದೆ ಎಂದೂ ತಪ್ಪು ಮಾಡಲಾರ ಎಂದು ಯಾವ ಮನುಷ್ಯನ ಬಗ್ಗೆ ತಾನೇ ಯಾರು ಖಾತರಿ ಕೊಡಬಲ್ಲರು? ಮೂರನೆಯದರಲ್ಲಿ ಆರೋಪ ಮೇಲ್ನೋಟಕ್ಕೆ ನಿಜವೆಂದು ಕಂಡರೆ ಜಾಮೀನೇ ಇಲ್ಲ. ಸುಪ್ರೀಂ ಕೋರ್ಟಿನ 2019ರ ವಟಾಲಿ ತೀರ್ಪಿನ ನಂತರ ಪೊಲೀಸರ ಕಾಗದವನ್ನು ಜಾಮೀನಿನ ಹಂತದಲ್ಲಿ ಒರೆಗೆ ಹಚ್ಚುವುದೂ ಕಷ್ಟವಾಯಿತು.

ಹೀಗಿದ್ದೂ 2021ರ ಫೆಬ್ರುವರಿ 1ರಂದು ಬಂದ ಕೆ.ಎ. ನಜೀಬ್ ತೀರ್ಪನ್ನು ವಿದ್ಯಾರ್ಥಿಗಳು ತಪ್ಪದೆ ಓದಬೇಕು. ಕೇರಳದಲ್ಲಿ ಪ್ರಾಧ್ಯಾಪಕರೊಬ್ಬರ ಕೈ ಕಡಿದ ಭೀಕರ ಪ್ರಕರಣ ಅದು. ಆರೋಪಿ ನಜೀಬ್ ವರ್ಷಗಟ್ಟಲೆ ತಲೆಮರೆಸಿಕೊಂಡಿದ್ದವನು, 2015ರಲ್ಲಿ ಸಿಕ್ಕಿದವನು. ಓಡಿಹೋಗುವ ಅಪಾಯ ಇಲ್ಲಿ ಊಹೆಯಲ್ಲ, ನಡೆದ ಸಂಗತಿ. ಆದರೂ ಜಾಮೀನು ಉಳಿಯಿತು. ಐದು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದ, ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು, ಮೊದಲೇ ವಿಚಾರಣೆ ಮುಗಿದ ಸಹ ಆರೋಪಿಗಳಲ್ಲಿ ಯಾರಿಗೂ ಎಂಟು ವರ್ಷ ಮೀರಿ ಶಿಕ್ಷೆ ಆಗಿರಲಿಲ್ಲ. ವಿಚಾರಣೆ ಬೇಗ ಮುಗಿಯುವ ಸೂಚನೆಯೇ ಇಲ್ಲದಾಗ ಸಂವಿಧಾನದ ಹಕ್ಕಿನ ಮುಂದೆ ಕಾಯ್ದೆಯ ಬಿಗಿ ಕರಗಬೇಕು ಎಂದಿತು ನ್ಯಾಯಾಲಯ. ಅಪಾಯವನ್ನೇನೂ ಅಲ್ಲಗಳೆಯಲಿಲ್ಲ. ಪ್ರತಿ ಸೋಮವಾರ ಬೆಳಗ್ಗೆ 10 ಗಂಟೆಗೆ ಠಾಣೆಗೆ ಬಂದು ಹಾಜರಿ ಹಾಕಿ, ಹೊಸ ಅಪರಾಧದಲ್ಲಿ ಭಾಗಿಯಾಗಿಲ್ಲವೆಂದು ಬರೆದುಕೊಡಬೇಕು ಎಂಬ ಷರತ್ತು ಹಾಕಿತು. 2024ರ ಆಗಸ್ಟ್‌ನಲ್ಲಿ ಮನೀಶ್ ಸಿಸೋದಿಯಾ ಪ್ರಕರಣದಲ್ಲೂ ಇದೇ ದಾರಿ. ಸುಮಾರು 17 ತಿಂಗಳ ಬಂಧನವಾಗಿತ್ತು, ಹೆಸರಿಸಿದ ಸಾಕ್ಷಿಗಳು 493, ಪುರಾವೆಯ ಬಹುಪಾಲು ದಾಖಲೆಗಳೇ ಆಗಿದ್ದು ಅವೆಲ್ಲ ಆಗಲೇ ತನಿಖಾ ಸಂಸ್ಥೆಯ ವಶದಲ್ಲಿದ್ದವು. ವಶದಲ್ಲಿರುವ ದಾಖಲೆಯನ್ನು ತಿದ್ದುವುದಾದರೂ ಹೇಗೆ?

ಸಿಸೋದಿಯಾ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ವಿಚಾರಣಾ ನ್ಯಾಯಾಲಯಗಳೂ ಹೈಕೋರ್ಟುಗಳೂ ಜಾಮೀನಿನ ವಿಷಯದಲ್ಲಿ ಕೈ ಸುಟ್ಟುಕೊಳ್ಳದ ದಾರಿ ಹಿಡಿಯುತ್ತಿವೆ ಎಂಬ ಆಕ್ಷೇಪ ಅದು. ಇದರ ಹಿಂದಿನ ಕಾರಣವನ್ನು ನಾವು ಕನಿಕರದಿಂದ ಅರ್ಥಮಾಡಿಕೊಳ್ಳಬೇಕು. ಬಿಟ್ಟವನು ಓಡಿಹೋದರೆ, ಸಾಕ್ಷಿಯ ಮೇಲೆ ಕೈಮಾಡಿದರೆ, ಮರುದಿನ ಪತ್ರಿಕೆಯಲ್ಲಿ ನ್ಯಾಯಾಧೀಶರ ಆದೇಶದ ಚರ್ಚೆ ನಡೆಯುತ್ತದೆ, ಮೇಲಿಂದ ಪ್ರಶ್ನೆ ಬರುತ್ತದೆ. ಬಿಡದೆ ಇಟ್ಟವನು ಬಿಟ್ಟಿದ್ದರೆ ತೆಪ್ಪಗೆ ಮನೆಯಲ್ಲಿ ಇರುತ್ತಿದ್ದನೇ ಎಂಬುದು ಯಾರಿಗೂ ತಿಳಿಯುವುದಿಲ್ಲ. ನಾಲ್ಕು ವರ್ಷದ ಮೇಲೆ ಅವನು ಖುಲಾಸೆಯಾದಾಗ ಜಾಮೀನು ನಿರಾಕರಿಸಿದ ಆದೇಶವನ್ನು ಯಾರೂ ಹೊರತೆಗೆದು ಓದುವುದಿಲ್ಲ. ಒಂದು ಬಗೆಯ ತಪ್ಪಿಗೆ ಮಾತ್ರ ದಂಡ ಬೀಳುವ ವ್ಯವಸ್ಥೆಯಲ್ಲಿ ಇನ್ನೊಂದು ಬಗೆಯ ತಪ್ಪು ಬೆಳೆಯುತ್ತಲೇ ಹೋಗುತ್ತದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ನೂರಕ್ಕೆ 75.8ರಷ್ಟು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಕೊಟ್ಟ ಲೆಕ್ಕ ಇದು. ಇವರೆಲ್ಲರನ್ನೂ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಇವರಲ್ಲಿ ಎಷ್ಟು ಜನರ ಅಪಾಯವನ್ನು ಯಾರಾದರೂ ನಿಜವಾಗಿ ಅಳೆದಿದ್ದರು ಎಂದು ಕೇಳುತ್ತಿದ್ದೇನೆ.

ಇಟ್ಟರೆ ಏನಾದೀತು ಎಂಬುದಕ್ಕೆ ಒಂದು ಹೆಸರನ್ನು ಹೇಳಲೇಬೇಕು. ಫಾದರ್ ಸ್ಟ್ಯಾನ್ ಸ್ವಾಮಿ. ಹಿಂದೆ ನಮ್ಮ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು, ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬದುಕಿದವರು. 2020ರ ಅಕ್ಟೋಬರ್‌ನಲ್ಲಿ ಯುಎಪಿಎ ಅಡಿ ಬಂಧನವಾದಾಗ ವಯಸ್ಸು 80 ದಾಟಿತ್ತು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿತ್ತು, ಲೋಟ ಹಿಡಿಯಲಾಗದೆ ನೀರು ಕುಡಿಯಲು ಸ್ಟ್ರಾ ಇರುವ ಲೋಟಕ್ಕಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. ವಿಶೇಷ ನ್ಯಾಯಾಲಯ ಜಾಮೀನು ನಿರಾಕರಿಸಿತು. ಬಾಂಬೆ ಹೈಕೋರ್ಟಿನಲ್ಲಿ ಅರ್ಜಿ ಬಾಕಿಯಿದ್ದಾಗಲೇ, 2021ರ ಜುಲೈ 5ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. ಲೋಟ ಎತ್ತಲಾರದ ಮನುಷ್ಯ ಎಲ್ಲಿಗೆ ಓಡಿಹೋಗುತ್ತಿದ್ದರು? ಈ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಪಾಯ ಇದೆಯೆಂದು ಕಂಡಮೇಲೂ ಇನ್ನೊಂದು ಹೆಜ್ಜೆ ಉಳಿದಿರುತ್ತದೆ. ಆ ಅಪಾಯಕ್ಕೆ ತಕ್ಕ ಷರತ್ತು ಹಾಕಿ ಅದನ್ನು ತಡೆಯಬಹುದೇ? ಲಖೀಂಪುರದ ಆರೋಪಿಗೆ 2023ರಲ್ಲಿ ಮಧ್ಯಂತರ ಜಾಮೀನು ಕೊಟ್ಟಾಗ ಉತ್ತರಪ್ರದೇಶದಲ್ಲೂ ದೆಹಲಿಯಲ್ಲೂ ಇರಕೂಡದು ಎಂದರು. ಸಾಕ್ಷಿಗಳಿರುವ ಊರಿನಿಂದ ಆರೋಪಿಯನ್ನು ದೂರ ಇಡುವ ಈ ಷರತ್ತಿಗೆ ಅರ್ಥವಿದೆ. ಆದರೆ ದೆಹಲಿಯಲ್ಲಿ ನೈಜೀರಿಯಾದ ಪ್ರಜೆಯೊಬ್ಬನಿಗೆ, ಗೂಗಲ್ ಮ್ಯಾಪ್‌ನಲ್ಲಿ ಪಿನ್ ಹಾಕಿ ನಿನ್ನ ಜಾಗವನ್ನು ತನಿಖಾಧಿಕಾರಿಗೆ ತೋರಿಸುತ್ತಿರು ಎಂದು ಷರತ್ತು ಹಾಕಿದ್ದರು. ಪಿನ್ ಹಾಕಿದ ಮಾತ್ರಕ್ಕೆ ಆ ವ್ಯಕ್ತಿಯನ್ನು ಕ್ಷಣಕ್ಷಣಕ್ಕೂ ಹಿಂಬಾಲಿಸಲಾಗದು ಎಂದು ಗೂಗಲ್ ಕಂಪನಿಯೇ ತಿಳಿಸಿತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ತೆಗೆದುಹಾಕಿತು. ಇನ್ನು, ದೌರ್ಜನ್ಯ ಎಸಗಿದ ಆರೋಪ ಹೊತ್ತವನು ದೂರುದಾರಳ ಮನೆಗೇ ಹೋಗಿ ರಾಖಿ ಕಟ್ಟಿಸಿಕೊಳ್ಳಲಿ ಎಂಬ ಷರತ್ತೂ ಈ ದೇಶದಲ್ಲಿ ಬಂದಿತ್ತು. 2021ರಲ್ಲಿ ಅಪರ್ಣಾ ಭಟ್ ಪ್ರಕರಣದಲ್ಲಿ ಅದನ್ನು ಸುಪ್ರೀಂ ಕೋರ್ಟು ರದ್ದುಮಾಡಿತು. ಯಾವ ಅಪಾಯಕ್ಕೆ ಈ ಷರತ್ತು ಎಂದು ಒಮ್ಮೆ ಕೇಳಿಕೊಂಡಿದ್ದರೆ ಅಂಥದ್ದು ಆದೇಶದಲ್ಲಿ ಬರುತ್ತಿರಲಿಲ್ಲ.

ಸಾಕ್ಷಿಗಳ ರಕ್ಷಣೆಯ ಹೊಣೆಯನ್ನೆಲ್ಲ ಆರೋಪಿಯ ಬಂಧನದ ಮೇಲೆ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. 2018ರಲ್ಲೇ ಮಹೇಂದರ್ ಚಾವ್ಲಾ ಪ್ರಕರಣದಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟಿನ ಒಪ್ಪಿಗೆ ಸಿಕ್ಕಿದೆ. ಹೊಸ ಸಂಹಿತೆಯ 398ನೇ ಕಲಮು ರಾಜ್ಯಗಳಿಗೆ ಅದನ್ನು ಕಡ್ಡಾಯ ಮಾಡಿದೆ. ಅದಕ್ಕಿಂತ ಸರಳವಾದ ಕೆಲಸವೂ ಇದೆ. ಹೆದರಿರುವ ಸಾಕ್ಷಿಗಳು, ಪ್ರತ್ಯಕ್ಷದರ್ಶಿಗಳು ಯಾರೋ ಅವರನ್ನೇ ಮೊದಲು ವಿಚಾರಿಸಿ. ಸಾಕ್ಷಿ ವಿಚಾರಣೆ ಶುರುವಾದ ಮೇಲೆ ಗಂಭೀರ ಪ್ರಕರಣಗಳಲ್ಲಿ ಸುಲಭವಾಗಿ ಜಾಮೀನು ಕೊಡಬೇಡಿ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಕಳವಳ ನ್ಯಾಯವಾದದ್ದೇ. ಆದರೆ ಆ ಕೆಲವು ಸಾಕ್ಷಿಗಳ ಹೇಳಿಕೆ ದಾಖಲಾದ ಮೇಲೆ ಬೆದರಿಕೆಯ ಅಪಾಯ ಬಹುಪಾಲು ಇಳಿಯುತ್ತದೆ. ಆಗ ಮತ್ತೆ ತೂಗಬೇಕು.

ಕೊನೆಯದಾಗಿ ಯುವ ವಕೀಲರಿಗೆ ಒಂದು ಕೆಲಸ ಹಚ್ಚುತ್ತೇನೆ. ಶಿಕ್ಷೆಯ ಗರಿಷ್ಠ ಅವಧಿಯ ಅರ್ಧ, ಹಿಂದೆ ಎಂದೂ ಶಿಕ್ಷೆಯಾಗಿರದವರಾದರೆ ಮೂರನೇ ಒಂದು ಭಾಗ, ಜೈಲಿನಲ್ಲಿ ಕಳೆದವರನ್ನು ಬಿಡಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ. ಮರಣದಂಡನೆ ಮತ್ತು ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಎಂದರೆ ಕೊಲೆಯ ಆರೋಪ ಹೊತ್ತವನು ವಿಚಾರಣೆ ಮುಗಿಯದೆ ಎಷ್ಟು ವರ್ಷ ಒಳಗಿರಬಹುದು ಎಂಬುದಕ್ಕೆ ಆ ಕಲಮಿನಲ್ಲಿ ಮಿತಿಯಿಲ್ಲ, ಉಳಿದಿರುವುದು ನೀವು ಹಾಕುವ ಅರ್ಜಿ ಒಂದೇ. ಅದರಲ್ಲಿ ಅಮಾಯಕ ಎಂಬ ಸವಕಲು ಸಾಲಿನ ಬದಲು ಅವನ ಊರು, ಕೆಲಸ, ಸಾಕ್ಷಿಗಳ ಮನೆ ಅವನ ಮನೆಯಿಂದ ಎಷ್ಟು ದೂರ, ಎಷ್ಟು ಸಾಕ್ಷಿಗಳ ವಿಚಾರಣೆ ಮುಗಿದಿದೆ, ಎಷ್ಟು ಬಾರಿ ಮುಂದೂಡಿಕೆಯಾಗಿದೆ, ಯಾರ ಕೋರಿಕೆಯ ಮೇಲೆ ಆಗಿದೆ ಎಂಬುದನ್ನು ದಿನಾಂಕ ಸಮೇತ ಬರೆಯಿರಿ. ಅಭಿಯೋಜಕರಾಗಿ ಹೋಗುವವರು ಸಂಭವವಿದೆ ಎಂದು ಬರೆಯುವ ಮುಂಚೆ ತನಿಖಾಧಿಕಾರಿಯನ್ನು ಕರೆಸಿ, ಯಾವ ಸಾಕ್ಷಿಗೆ ಯಾರಿಂದ ಹೆದರಿಕೆ ಎಂದು ಕೇಳಿ, ಅವರು ಹೇಳಿದ್ದನ್ನು ತಕರಾರಿನಲ್ಲಿ ನಮೂದಿಸಿ. ಏನೂ ಹೇಳದಿದ್ದರೆ ಆ ಸಾಲನ್ನು ಹೊಡೆದುಹಾಕಿ.